ಗುಡ್ಡದ ಆಚೆಯ ತವರು

ನಮ್ಮ ತೋಟದ ಮೇಲಿನ ಗುಡ್ಡವನ್ನು ನಾನು ಮೊದಲು ಹತ್ತಿದ್ದು ಸುಮ್ಮನೆ, ಯಾವ ಕೆಲಸವೂ ಇಲ್ಲದೆ. ಮದುವೆಯಾಗಿ ಚಿಕ್ಕಮಗಳೂರು ಪೇಟೆಯಿಂದ ಈ ಕಡೆ ಬಂದು ಕೆಲವು ವರ್ಷಗಳಾಗಿದ್ದವು. ಕೊಟ್ಟಿಗೆಹಾರದ ರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮ ಚಿಕ್ಕ ಕಾಫಿ ತೋಟ. ತೋಟ ಮುಗಿದಲ್ಲಿ ಒಂದು ಪಟ್ಟಿ ಕಾಡು. ಕಾಡು ಮುಗಿದಲ್ಲಿ ಹುಲ್ಲು, ಆಕಾಶ ಮುಟ್ಟುವವರೆಗೂ ಬರೀ ಹುಲ್ಲು. ತೋಟದಲ್ಲಿ ಎಲ್ಲಿ ನಿಂತರೂ ತಲೆಯ ಮೇಲೆ ಸಿಲ್ವರ್ ಓಕ್ ಮರ, ಎದುರಿಗೆ ಕಾಫಿ ಗಿಡ. ದೂರ ಎನ್ನುವುದೇ ಕಾಣುವುದಿಲ್ಲ. ಒಂದು ಬೆಳಗ್ಗೆ ಆ ದೂರ ಬೇಕೆನಿಸಿ ಹತ್ತಿದೆ. ಆಮೇಲೆ ಅದೇ ಅಭ್ಯಾಸವಾಯಿತು.

ಮೇಲೆ ಹೋದಾಗಲೆಲ್ಲ ಎಚ್ಚರವಿದ್ದೂ ನಿದ್ದೆಯೊಳಗೆ ನಡೆಯುತ್ತಿರುವ ಹಾಗೆ ಆಗುತ್ತಿತ್ತು. ಗಾಳಿ ಬಂದರೆ ಇಡೀ ಗುಡ್ಡ ಒಂದು ಕಡೆಗೆ ವಾಲುತ್ತಿತ್ತು, ಗಾಳಿ ನಿಂತರೆ ಮೆಲ್ಲಗೆ ಎದ್ದು ನಿಲ್ಲುತ್ತಿತ್ತು. ಮೋಡದ ನೆರಳುಗಳು ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ದಾಟುವಾಗ ನನ್ನ ಮೇಲೂ ಹಾದು ಹೋಗುತ್ತಿದ್ದವು. ಒಂದು ಗಳಿಗೆ ಚಳಿ, ಮರುಗಳಿಗೆ ಬಿಸಿಲು. ಕೆಳಗೆ ಬಂದ ಮೇಲೂ ಸ್ವಲ್ಪ ಹೊತ್ತು ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮನೆಯವರು ಏನಾದರೂ ಕೇಳಿದರೆ ಉತ್ತರ ಹೇಳಲು ತಡವಾಗುತ್ತಿತ್ತು.

ಅತ್ತೆಗೆ ಮಾತು ಕಡಿಮೆ. ಅವರಿಗೂ ನನಗೂ ಜಗಳವಿರಲಿಲ್ಲ, ಹೆಚ್ಚು ಸಲಿಗೆಯೂ ಇರಲಿಲ್ಲ. ಒಂದು ದಿನ ನಾನು ಗುಡ್ಡದಿಂದ ಬಂದು ಹಿಂದಿನ ಮೆಟ್ಟಿಲ ಮೇಲೆ ಕೂತಾಗ ಅವರೂ ಬಂದು ಪಕ್ಕದಲ್ಲಿ ಕೂತರು. ನನ್ನ ಚೂಡಿದಾರಕ್ಕೆ ಅಂಟಿದ್ದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕೀಳತೊಡಗಿದರು.

"ತುದಿಗಂಟ ಹೋಗ್ತೀಯಾ?"

"ಹೂಂ ಅತ್ತೆ."

"ಆಚೆ ಎಂತ ಕಾಣುತ್ತೆ?"

"ಇನ್ನೊಂದು ಕಣಿವೆ. ಕಾಡು. ಮಧ್ಯೆ ಮಧ್ಯೆ ತೋಟ, ಕೆಲವು ಮನೆ."

ಅವರ ಕೈ ನಿಂತಿತು. "ಆ ಕಡೆನೇ ನನ್ನ ತವರು," ಅಂದರು.

ನನಗೆ ಆಶ್ಚರ್ಯವಾಯಿತು. ಅತ್ತೆಯ ತವರು ಕಳಸದ ಹತ್ತಿರ ಎಂದು ಗೊತ್ತಿತ್ತು. ಒಮ್ಮೆ ಮದುವೆಗೆಂದು ಹೋಗಿದ್ದೂ ಉಂಟು. ತಿರುವು ತಿರುವು ಸುತ್ತಿ, ಎರಡು ಬಸ್ಸು ಬದಲಿಸಿ, ಸಂಜೆ ಹೊತ್ತಿಗೆ ತಲುಪಿದ ಊರು ಅದು. ಆ ಊರು ನಮ್ಮ ಬೆನ್ನಿಗೇ ಇದೆ ಎಂದು ನನಗೆ ಹೊಳೆದಿರಲಿಲ್ಲ. ಹದಿನೆಂಟರ ಹರೆಯದಲ್ಲಿ ಮದುವೆಯಾಗಿ ಬಂದ ಅತ್ತೆ, ದಿನಾ ಪಾತ್ರೆ ತೊಳೆಯುವಾಗ, ಬಟ್ಟೆ ಹರವುವಾಗ ಆ ಗುಡ್ಡವನ್ನು ನೋಡುತ್ತ ಬಂದಿದ್ದರು. ಒಮ್ಮೆಯೂ ಹತ್ತಿರಲಿಲ್ಲ.

"ನಾನೂ ಬರ್ತೀನಿ ಕಣೆ ಒಂದಿನ," ಅಂದರು, ನಾಚಿಕೊಂಡ ಹಾಗೆ.

ಮಾವನಿಗೆ ಇದು ತಮಾಷೆ. "ಈ ವಯಸ್ಸಲ್ಲಿ ಗುಡ್ಡ ಹತ್ತಿ ಎಂತ ಮಾಡ್ತೀಯ?"

"ನೋಡ್ತೀನಿ."

"ಎಂತ ನೋಡಕ್ಕೆ?"

"ನೋಡಿ ಬಂದ್ಮೇಲೆ ಹೇಳ್ತೀನಿ."

ಮಳೆ ಹಿಂದೆ ಸರಿದು, ಕಾಫಿ ಹಣ್ಣಿನ ಕೊಯ್ಲು ಇನ್ನೂ ಶುರುವಾಗದ ದಿನಗಳು. ಅತ್ತೆ ಮಾವನ ಹಳೆಯ ಗಂಬೂಟು ಹಾಕಿಕೊಂಡು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ತಲೆಗೆ ಟವೆಲ್ ಕಟ್ಟಿಕೊಂಡು ಹೊರಟರು. ನನ್ನ ಚೀಲದಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ. ಕಾಡಿನ ಪಟ್ಟಿ ದಾಟುವಾಗ ಇಂಬಳ, ನೆಲದ ಜಿಗಣೆಗಳು, ಇನ್ನೂ ಇದ್ದವು. ಅತ್ತೆ ಸುಣ್ಣದ ಡಬ್ಬಿ ತಂದಿದ್ದರು. ಕಾಲಿಗೆ ಹತ್ತಿದ್ದಕ್ಕೆಲ್ಲ ಒಂದೊಂದು ಬೊಟ್ಟು ಸುಣ್ಣ ಮುಟ್ಟಿಸಿ ಬೀಳಿಸುತ್ತ ನಡೆದರು.

ಹುಲ್ಲಿಗೆ ಕಾಲಿಟ್ಟ ಕೂಡಲೇ ಅವರು ನಿಂತುಬಿಟ್ಟರು. ಸೊಂಟದವರೆಗೂ ಹುಲ್ಲು. ಕೆಳಗಿನ ಅರ್ಧ ಹಸಿರು, ತುದಿ ಹೊಂಬಣ್ಣಕ್ಕೆ ತಿರುಗಿತ್ತು. ಅವರು ಎರಡೂ ಕೈ ಚಾಚಿ, ತೆನೆಗಳನ್ನು ಅಂಗೈಗೆ ತಾಗಿಸಿಕೊಂಡು, ನೀರಿನಲ್ಲಿ ನಡೆಯುವವರ ಹಾಗೆ ನಡೆದರು. ಮೊಣಕಾಲು ನೋಯುತ್ತಿದ್ದಿರಬೇಕು, ಆಗಾಗ ಕೂರುತ್ತಿದ್ದರು. ಕೂತಾಗ ಹುಲ್ಲಿನೊಳಗೆ ಪೂರ್ತಿ ಮಾಯವಾಗಿ, ಬರೀ ಟವೆಲ್ಲಿನ ತುದಿ ಕಾಣುತ್ತಿತ್ತು. "ಸುಸ್ತಾಯ್ತಾ ಅತ್ತೆ?" ಅಂದರೆ ಹುಲ್ಲಿನೊಳಗಿನಿಂದ, "ಇಲ್ಲಪ್ಪ, ಹಿಂಗೇ ಕೂತಿದೀನಿ," ಎನ್ನುವ ದನಿ ಬರುತ್ತಿತ್ತು.

ತುದಿ ಇನ್ನೇನು ಬಂತು ಎನ್ನುವಾಗ ಮಂಜು ಬಂತು. ಆಚೆ ಕಣಿವೆಯಿಂದ ಎದ್ದು, ಅಂಚು ದಾಟಿ, ನಮ್ಮನ್ನು ಮುಚ್ಚಿ, ನಮ್ಮ ತೋಟದ ಕಡೆ ಇಳಿದು ಹೋಯಿತು. ಕೈಯಳತೆಯ ಹುಲ್ಲು ಬಿಟ್ಟರೆ ಜಗತ್ತೇ ಇಲ್ಲ. ಹಿಂದೆ ಯಾವುದು, ಮುಂದೆ ಯಾವುದು ಎಂದೂ ತಿಳಿಯಲಿಲ್ಲ. ನನಗೆ ಸ್ವಲ್ಪ ಹೆದರಿಕೆಯಾಯಿತು. ಅತ್ತೆ ಒಂದು ಬಂಡೆಗೆ ಬೆನ್ನು ಕೊಟ್ಟು ಕೂತು, "ಕಾಫಿ ಬಗ್ಗಿಸು," ಅಂದರು.

ಕಾಫಿ ಕುಡಿಯುತ್ತ ಅವರು ಮಾತಿಗೆ ಶುರು ಮಾಡಿದರು. ಮನೆಯಲ್ಲಿ ಒಂದು ತಿಂಗಳಲ್ಲಿ ಆಡುವಷ್ಟು ಮಾತು ಅಲ್ಲಿ ಆಡಿದರು. ಹುಡುಗಿಯಾಗಿದ್ದಾಗ ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಹೊಳೆ ದಾಟಿದ್ದು, ಕೆಸರು ಗದ್ದೆಯಲ್ಲಿ ಜಾರಿ ಬಿದ್ದು ಇಬ್ಬರೂ ನಕ್ಕಿದ್ದು. ಮದುವೆಯಾದ ಹೊಸತರಲ್ಲಿ, ಸಂಜೆ ಗುಡ್ಡದ ಅಂಚಿನಲ್ಲಿ ಬೆಳಕು ಕಂತುವಾಗ, ಆಚೆ ಮನೆಯಲ್ಲಿ ಇನ್ನೂ ಬಿಸಿಲಿರಬಹುದು ಅಂದುಕೊಳ್ಳುತ್ತಿದ್ದದ್ದು. ಮಂಜಿನಲ್ಲಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ದನಿ ಮಾತ್ರ ಚಿಕ್ಕ ಹುಡುಗಿಯದಾಗಿತ್ತು.

ಆಗ ಬಿಳಿಯೊಳಗೆ ಏನೋ ಕಪ್ಪಗೆ ಅಲುಗಿತು. ಪಕ್ಕದಲ್ಲಿ ಇನ್ನೊಂದು. ದೊಡ್ಡ ದೊಡ್ಡ ಮೈ.

ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಕಾಟಿ ಕಣೆ. ಅಲುಗಾಡ್ಬೇಡ."

ಕಾಡುಕೋಣದ ಎದುರು ಓಡಿ ಪ್ರಯೋಜನವಿಲ್ಲ ಎಂದು ನನಗೂ ಗೊತ್ತಿತ್ತು. ಉಸಿರು ಹಿಡಿದು ಕೂತೆವು. ಹುಲ್ಲು ಕೀಳುವ ಸದ್ದು ಹತ್ತಿರ ಹತ್ತಿರ ಬಂತು. ಆಮೇಲೆ ಟಿಣ್ ಎಂದು ಒಂದು ಸಣ್ಣ ಸದ್ದು.

ಅತ್ತೆ ಕಿವಿಯಲ್ಲಿ ಪಿಸುಗುಟ್ಟಿದರು. "ಕಾಟಿಗೆ ಯಾರೇ ಗಂಟೆ ಕಟ್ತಾರೆ?"

ಇಬ್ಬರಿಗೂ ತಡೆಯಲಾಗದ ನಗು ಬಂತು. ನಮ್ಮ ನಗು ಕೇಳಿ ಮಂಜಿನೊಳಗಿನಿಂದ ಒಂದು ಹೆಂಗಸಿನ ದನಿ, "ಯಾರದು ಅಲ್ಲಿ?" ಅಂತು. ಎಮ್ಮೆಗಳ ಹಿಂದೆಯೇ ಒಬ್ಬಾಕೆ ಬಂದರು. ಐವತ್ತರ ಹತ್ತಿರದವರು, ತಲೆಯ ಮೇಲೆ ಮಳೆಗೆ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕೋಲು. ಆಚೆ ಕಣಿವೆಯವರಂತೆ. ರಾತ್ರಿ ಕೊಟ್ಟಿಗೆಗೆ ಬಾರದ ಎಮ್ಮೆಗಳನ್ನು ಹುಡುಕಿಕೊಂಡು ಬಂದಿದ್ದರು.

ಅತ್ತೆ ತಮ್ಮ ತವರಿನ ಮನೆಯ ಗುರುತು ಹೇಳಿದರು. ಆಕೆ ಅತ್ತೆಯ ಮುಖವನ್ನೇ ನೋಡಿ, "ಅಯ್ಯೋ, ನಂಗೆ ಆ ಮನೆ ಗೊತ್ತಿಲ್ವಾ ಮಾರಾಯ್ತಿ! ನಮ್ಮ ಗದ್ದೆ ದಾಟಿದ್ರೆ ಅವ್ರದ್ದೇ ತೋಟ," ಅಂದರು. "ಈಗ ಅಲ್ಲಿಗೇ ಹೊರಟಿದ್ದಾ ನೀವು?"

"ಅಲ್ಲ, ಸುಮ್ನೆ ನೋಡಣ ಅಂತ ಬಂದ್ವಿ."

"ಇಲ್ಲಿಂದ ಎಂತ ಕಾಣುತ್ತೆ ಈ ಮಂಜಲ್ಲಿ? ಇಳಿದ್ರೆ ಆಯ್ತಲ್ಲ. ನಾನೂ ಇಳಿಯೋಳೇ."

ಅತ್ತೆ ನನ್ನ ಕಡೆ ತಿರುಗಿದರು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಕೇಳಲು ಸಂಕೋಚ, ಬಿಡಲು ಮನಸ್ಸಿಲ್ಲ. "ಹೋಗಣ ಅತ್ತೆ," ಅಂದೆ.

ಮೊಬೈಲಿನಲ್ಲಿ ಆಗಾಗ ಬಂದು ಹೋಗುತ್ತಿದ್ದ ಸಿಗ್ನಲ್ ಆಚೆ ಇಳಿಯುತ್ತಲೇ ಪೂರ್ತಿ ಹೋಯಿತು. ಎಮ್ಮೆಗಳು ಮುಂದೆ, ಅವುಗಳ ಹಿಂದೆ ಆಕೆ, ಆಕೆಯ ಹಿಂದೆ ಅತ್ತೆ, ಕೊನೆಯಲ್ಲಿ ನಾನು. ಹುಲ್ಲಿನಲ್ಲಿ ಜಾರುವ ಕಡೆ ಅತ್ತೆ ಕೂತೇ ಇಳಿದರು. ಸ್ವಲ್ಪ ಕೆಳಗೆ ಬಂದಾಗ ಮಂಜಿನ ತಳ ಹರಿಯಿತು. ಕಾಲ ಬುಡದಲ್ಲೇ ಎನ್ನುವ ಹಾಗೆ ಒಂದು ಕಣಿವೆ, ಒದ್ದೆ ಬಿಸಿಲಿನಲ್ಲಿ ಹೊಳೆಯುವ ಹೊಳೆ, ಮರಗಳ ನಡುವಿನಿಂದ ಏಳುವ ಹೊಗೆ. ಅತ್ತೆ ಮೊಣಕಾಲು ನೋವನ್ನೂ ಮರೆತವರಂತೆ ಬಿರಬಿರನೆ ನಡೆದರು.

ತವರಿಗೆ ಅವರು ಯಾವಾಗಲೂ ಮುಂಬಾಗಿಲಿನಿಂದ ಹೋದವರು. ಇಸ್ತ್ರಿ ಸೀರೆ ಉಟ್ಟು, ಬೇಕರಿ ಪೊಟ್ಟಣ ಹಿಡಿದು, ನೆಂಟರಾಗಿ. ಅವತ್ತು ಕೊಟ್ಟಿಗೆಯ ಪಕ್ಕದಿಂದ, ಕೆಸರಾದ ಗಂಬೂಟಿನಲ್ಲಿ ಹಿತ್ತಿಲಿಗೆ ಬಂದರು. ಅವರ ತಮ್ಮ, ಈಗ ತಲೆ ನರೆತವರು, ಬಚ್ಚಲ ಒಲೆಗೆ ಕಾಯಿಸಿಪ್ಪೆ ತುಂಬುತ್ತಿದ್ದರು. ತಲೆಯೆತ್ತಿ ನೋಡಿದರು. ನೋಡುತ್ತಲೇ ಇದ್ದರು.

"ಅಕ್ಕ? ಎಲ್ಲಿಂದ ಬಂದ್ಯೆ?"

"ಮನೆಯಿಂದ."

"ಈ ಹೊತ್ತಲ್ಲಿ ಯಾವ ಬಸ್ಸು?"

"ಬಸ್ಸಲ್ಲ. ನಡ್ಕಂಡು ಬಂದೆ."

ಅವರು ಗುಡ್ಡ ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಗುಡ್ಡ ನೋಡಿದರು. ಆಮೇಲೆ ಮಸಿ ಹಿಡಿದ ಕೈಯಲ್ಲೇ ಅಕ್ಕನ ಎರಡೂ ಕೈ ಹಿಡಿದುಕೊಂಡರು. ಅವರ ಹೆಂಡತಿ ಓಡಿ ಬಂದು, ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಿ, ಏನೂ ಆಗಿಲ್ಲವೆಂದು ತಿಳಿದ ಮೇಲೆ ಅಳುತ್ತಲೇ ನಕ್ಕರು.

ಬಿಸಿನೀರು ಕೊಟ್ಟರು, ಒಣ ಸೀರೆ ಕೊಟ್ಟರು. ನಮ್ಮ ಅಕ್ಕಿರೊಟ್ಟಿಗೆ ಅವರ ಮನೆಯ ಕೆಸುವಿನ ಸಾರು ಸೇರಿತು. ಊಟದ ನಡುವೆ ತಮ್ಮ ಹೇಳಿದರು. "ನಿನ್ನ ಮದ್ವೆ ಮಾತಾಡುವಾಗ ಅಪ್ಪ ಅಂದಿದ್ರು, ದೂರಕ್ಕೇನಲ್ಲ ಕೊಡೋದು, ಗುಡ್ಡ ಒಂದೇ ಅಡ್ಡ ಅಂತ. ನಾವೆಲ್ಲ ತಮಾಷೆಗೆ ಹೇಳ್ತಿದಾರೆ ಅಂದ್ಕಂಡ್ವಿ."

ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಹಿಂಗೆ ನಡ್ಕಂಡು ದಾಟ್ಬಹುದು ಅಂತ ನಂಗೆ ಯಾರೂ ಹೇಳ್ಲಿಲ್ಲ ನೋಡು," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮನ ಹೆಂಡತಿ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಅಲ್ಲಿನ ಫೋನಿನಿಂದ ಅತ್ತೆ ಮನೆಗೆ ಮಾಡಿದರು. ಮಾವ ಎತ್ತಿಕೊಂಡು, "ಎಲ್ಲಿದೀರಿ? ಊಟ ತಣ್ಣಗಾಯ್ತು," ಅಂದರು.

"ನಾನು ತಮ್ಮನ ಮನೇಲಿದೀನಿ."

"ಯಾವ ತಮ್ಮ?"

"ನಂಗೆ ಇರೋದೇ ಒಬ್ಬ ತಮ್ಮ ಅಲ್ವಾ!"

"ಇರು, ಅಲ್ಲೇ ಇರು," ಅಂದರು ಮಾವ, ಅತ್ತೆ ಬೇರೆಲ್ಲಿಗೋ ಹೋಗಿಬಿಡುತ್ತಾರೇನೋ ಎನ್ನುವ ಹಾಗೆ.

ಸಂಜೆ ತಮ್ಮ ಜೀಪಿನಲ್ಲಿ ನಮ್ಮನ್ನು ರಸ್ತೆ ಸುತ್ತಿ ತಂದುಬಿಟ್ಟರು. ಒಂದೊಂದು ತಿರುವಿನಲ್ಲೂ ಆ ಗುಡ್ಡ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಹಿಂದಕ್ಕೆ ಬಂದು ನಿಲ್ಲುತ್ತಿತ್ತು. ಅತ್ತೆ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ಮೊದಲ ಸಲ ಹಾಗೆ ತಲೆಯಿಟ್ಟಿದ್ದು. ಕೂದಲಲ್ಲಿ ಬಚ್ಚಲ ಹೊಗೆಯ ವಾಸನೆಯಿತ್ತು. ಮನೆ ತಲುಪುವವರೆಗೂ ನಾನು ಭುಜ ಅಲುಗಿಸಲಿಲ್ಲ.

ಆಮೇಲೆ ಅತ್ತೆ ಕೆಲವು ಸಲ ಹಾಗೇ ಗುಡ್ಡ ದಾಟಿ ಹೋಗಿ ಬಂದರು, ಒಮ್ಮೆ ಒಬ್ಬರೇ. ಈಗ ಮೊಣಕಾಲು ಆಚೆ ಇಳಿಯಲು ಬಿಡುವುದಿಲ್ಲ. ತುದಿಯವರೆಗೆ ನಿಧಾನವಾಗಿ ಹತ್ತುತ್ತಾರೆ, ಆಚೆಯಿಂದ ಅವರ ತಮ್ಮ ಹತ್ತಿ ಬರುತ್ತಾರೆ.

ಹೋದ ಚಳಿಗಾಲದಲ್ಲಿ ಮಾವನೂ ಬಂದರು. ಅರ್ಧ ದಾರಿಯಿಂದಲೇ ಬೈಯುತ್ತ, ಏದುಸಿರು ಬಿಡುತ್ತ ಹತ್ತಿದರು. ಮೇಲೆ ಬಂದವರು ಎರಡು ಕಡೆಯನ್ನೂ ಒಮ್ಮೆ ನೋಡಿ, "ಹೂಂ," ಎಂದು ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡಿಬಿಟ್ಟರು. ಅಕ್ಕ ತಮ್ಮ ಅವರ ಪಕ್ಕದಲ್ಲೇ ಕೂತು ಕಿತ್ತಳೆ ಸುಲಿಯುತ್ತ ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿದ್ದರು. ಒಂದು ಮೋಡದ ನೆರಳು ಬಂದು ಮೂವರನ್ನೂ ಮುಚ್ಚಿತು. ಮಾವನಿಗೆ ಚಳಿಯಾದೀತು ಎಂದು ಎಬ್ಬಿಸಲು ಹೋದೆ.

"ಬೇಡ ಕಣೆ," ಅಂದರು ಅತ್ತೆ. "ಈಗ ಬಿಸಿಲು ಬರುತ್ತೆ."