ಕೋಟೆಯೊಳಗಿನ ಮೆಣಸು

ಅಮೆರಿಕದ ಯೂಲೆಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್‌ಗೆ ಕಾಫಿಯ ಜೊತೆ ಶ್ರೀರಂಗಪಟ್ಟಣದ ಯುದ್ಧ ಬೇಕೇಬೇಕು. ನನ್ನನ್ನು ಕೂರಿಸಿಕೊಂಡು ತಮ್ಮ ಡೈನಿಂಗ್ ಟೇಬಲ್ ಮೇಲೆ ಸೈನ್ಯ ನಿಲ್ಲಿಸುತ್ತಿದ್ದರು. ಉದ್ದಿನಬೇಳೆ ಬ್ರಿಟಿಷ್ ಕಂಪನಿಯದು, ತೊಗರಿಬೇಳೆ ನಿಜಾಮನದು. ಎರಡಕ್ಕೂ ಸೇನಾಪತಿ ಒಂದೇ ಚಮಚ. ಕೋಟೆಯೊಳಗೆ ಸುಲ್ತಾನನ ಹೆಸರುಕಾಳು. ಅದರ ನಡುವೆ ಒಂದೇ ಒಂದು ಕರಿಮೆಣಸು: ದ್ರೋಹಿ.

"ಹೊರಗಡೆಯವರನ್ನ ಬಿಡಪ್ಪಾ, ಒಳಗಡೆ ಯಾರಿದ್ದಾರೆ ನೋಡು" ಎನ್ನುತ್ತಿದ್ದರು. ಡಾಕ್ಟರು ಮಾತ್ರೆ ಬದಲಿಸಿದರೂ, ನೆಂಟರು ಸುಮ್ಮನೆ ನಕ್ಕರೂ ಅದೇ ಮಾತು.

ಕಣ್ಣು ಮಂಜಾಗಿ ಅವರು ಎರಡು ಸಲ ಕೆಂಪು ಸಿಗ್ನಲ್ ದಾಟಿದರು. ಕಾರಿಲ್ಲದೆ ಇಲ್ಲಿ ಹಾಲು ತರಲೂ ಆಗದು. ಆದರೂ ಅವರ ಹೆಂಡತಿ ನನಗೆ ಫೋನ್ ಮಾಡಿ ಬೇಡಿಕೊಂಡರು: "ನಾನು ಕೇಳಿದ್ರೆ ಕೊಡಲ್ಲ. ಕಾರ್ ಕೀ ನೀನೇ ಹೇಗಾದ್ರೂ ಎತ್ಕೊಂಡ್ಬಿಡಪ್ಪಾ."

ಮರುದಿನ ಅಂಕಲ್ ಬೇಳೆ ಜೋಡಿಸುತ್ತಿದ್ದಾಗ ಟೇಬಲ್ ಅಂಚಿನಲ್ಲಿದ್ದ ಕೀಯನ್ನು ಮೆಲ್ಲಗೆ ಜೇಬಿಗಿಳಿಸಿದೆ. ಅವರು ತಲೆ ಎತ್ತಲಿಲ್ಲ. ಕೋಟೆಯೊಳಗಿನ ಮೆಣಸನ್ನು ಎತ್ತಿ ನನ್ನ ಕಾಫಿ ಲೋಟದ ಪಕ್ಕ ಇಟ್ಟರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು:

"ಇನ್ನೊಂದು ಮೆಣಸು ತಗೊಂಡ್ ಬಾರೇ."