ಬೋಂಡದ ವಾಸನೆಯ ಗಾಡಿ

ನಮ್ಮ ಭಾವನಿಗೆ ಟಾರು ರಸ್ತೆ ಕಂಡರೆ ಆಗುತ್ತಿರಲಿಲ್ಲ. ಭಾವ ಅಂದರೆ ಅಕ್ಕನ ಗಂಡ, ಮಧುಗಿರಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ವರ್ಗದ ಮೇಲೆ ವರ್ಗವಾಗಿ ಕೊರಟಗೆರೆ, ಶಿರಾ, ಪಾವಗಡ ಎಲ್ಲ ಸುತ್ತಿ ಬಂದವರು. ಯಾವ ಊರಿನಿಂದ ಯಾವ ಊರಿಗೆ ಬಂಡಿ ಜಾಡಿದೆ, ಯಾವ ಹಳ್ಳದಲ್ಲಿ ಮರಳು ಗಟ್ಟಿ, ಎಲ್ಲವೂ ಅವರ ತಲೆಯಲ್ಲಿತ್ತು. ನನಗೋ ನಮ್ಮ ಬೀದಿಯ ತಿರುವೇ ಸರಿಯಾಗಿ ಗೊತ್ತಿರಲಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಭಾವನಿಗೆ ಒಂದು ಯೋಚನೆ ಬಂತು. ನಾಲ್ಕು ಮೋಟಾರ್ ಸೈಕಲ್ಲುಗಳಲ್ಲಿ ಹೊರಟು ನಾಲ್ಕೂ ತಾಲ್ಲೂಕು ಸುತ್ತಿ, ಕೆಲವು ದಿನ ಕಳೆದು ವಾಪಸ್ಸು ಬರುವುದು. ಟಾರು ರಸ್ತೆಯನ್ನು ಅಡ್ಡ ದಾಟಬಹುದು, ಅದರ ಮೇಲೆ ಓಡಿಸುವಂತಿಲ್ಲ.

“ಯಾಕ್ ಭಾವ? ಟಾರು ಏನ್ ಮಾಡ್ತು ನಿಮಗೆ?” ಅಂದೆ.

“ಈ ದಾರೀಲೆಲ್ಲ ನಾನು ಹೋಗಿರೋದು ಯಾರದೋ ಹಸ ಸಾಯ್ತಾ ಬಿದ್ದೈತೆ ಅಂತ ಕಣ್ಲಾ. ಅಕ್ಕಪಕ್ಕ ಏನೈತೆ ಅಂತ ಒಂದಿನಾನೂ ನೋಡಿಲ್ಲ. ಯಾರೂ ಕರೀದೆ ಸುಮ್ಕೆ ಹೋದ್ರೆ ಹೆಂಗಿರ್ತದೆ ಅಂತ ಒಂದ್ಸಲ ನೋಡಾನ.”

ನಾನು ಮಾತಿಗೆ ಮಾತು ಜೋಡಿಸುವವನು. ಆವತ್ತು ಮಾತ್ರ “ನಾನೂ ಬರ್ತೀನಿ” ಅಂದೆ, ಅಷ್ಟೇ.

ತಂಡದಲ್ಲಿ ಇನ್ನಿಬ್ಬರು ಭಾವನ ಸ್ನೇಹಿತರು. ಒಬ್ಬರು ಶಿರಾದ ಟೈಲರ್ ಸಾಹೇಬರು. ಹಳೇ ಟಾರ್ಪಾಲು ಕತ್ತರಿಸಿ ನಾಲ್ಕೂ ಗಾಡಿಗೆ ಎರಡೂ ಕಡೆ ಇಳಿಬೀಳುವ ಚೀಲ ಹೊಲಿದುಕೊಟ್ಟವರು ಅವರೇ. ಇನ್ನೊಬ್ಬರು ಪಾವಗಡದ ಡ್ರಾಯಿಂಗ್ ಮೇಷ್ಟ್ರು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವರು. ನಾಲ್ಕನೆಯವನು ನಾನು. ನನ್ನ ಗಾಡಿ ಅಪ್ಪ ಹಾಲು ಹಾಕಿ ಹಾಕಿ ಸವೆಸಿ ನನಗೆ ಬಿಟ್ಟುಕೊಟ್ಟದ್ದು. ಅಪ್ಪ ಹಾಲು ಹಾಕುತ್ತಿದ್ದ ಮನೆ ಬಂದಲ್ಲೆಲ್ಲ ಅದು ತಾನಾಗಿ ನಿಲ್ಲುತ್ತಿತ್ತು ಅಂತ ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಬ್ರೇಕು ಹಿಡಿಯುತ್ತಿದ್ದದ್ದು ನನ್ನ ಕಾಲೇ ಇರಬೇಕು.

ಅಲ್ಲಿಯವರೆಗೆ ಊರಾಚೆ ನಾನು ಹೋದ ಕಡೆಯೆಲ್ಲ ಭಾವನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಔಷಧಿ ಪೆಟ್ಟಿಗೆ ಇಟ್ಟುಕೊಂಡೇ ಹೋದವನು. ಹಳ್ಳಿಯವರು ನನ್ನನ್ನು ಪೆಟ್ಟಿಗೆಯ ಭಾಗ ಅಂದುಕೊಂಡಿದ್ದರು. ಈ ಸಲ ನನ್ನ ಹ್ಯಾಂಡಲ್ ನನ್ನ ಕೈಯಲ್ಲಿರಬೇಕು ಅಂತ ಹಟ ಹಿಡಿದೆ. ಭಾವ ಒಪ್ಪಿದರು, ಒಂದು ಷರತ್ತಿನ ಮೇಲೆ.

“ಹೊರಡೋಕ್ ಮುಂಚೆ ಸಾಮಾನೆಲ್ಲ ಹೇರ್ಕಂಡು ಹುಣಸೆ ತೋಪಿನ ಏರು ಹತ್ತುಸ್ಬೇಕು. ಎಲ್ಲಾರೂವೆ. ಯಾರ್ ಗಾಡಿ ನಿಂತ್ರೆ ಅವರೂ ಇಲ್ಲೇ ನಿಂತ್ಕಳಾದು.” ಎಲ್ಲಾರೂವೆ ಅಂದರು, ನೋಡಿದ್ದು ನನ್ನನ್ನು.

ತಯಾರಿ ನಡೆಯಿತು. ಭಾವ ಒಣಗಿದ ಕೆರೆಯಂಗಳಕ್ಕೆ ಕರೆದುಕೊಂಡು ಹೋಗಿ ಮರಳಿನಲ್ಲಿ ಓಡಿಸುವುದು ಕಲಿಸಿದರು. “ಬಿಗಿಯಾಗಿ ಹಿಡೀಬ್ಯಾಡ, ಅದೇನು ಮೂಗುದಾರ ಅಲ್ಲ. ಎದ್ದು ನಿಂತ್ಕ. ದೂರ ನೋಡು.” ಅವರು ಓಡಿಸುವುದನ್ನು ನೋಡಬೇಕಿತ್ತು. ಕಾಲಿಡುವ ಕಡ್ಡಿಯ ಮೇಲೆ ನಿಂತು, ಮೊಣಕಾಲು ಸಡಿಲ ಬಿಟ್ಟು, ಗಾಡಿ ಕೆಳಗೆ ಎಷ್ಟು ಕುಣಿದರೂ ತಲೆ ಅಲ್ಲಾಡದ ಹಾಗೆ ಹೋಗುತ್ತಿದ್ದರು. ನಾನೂ ಎದ್ದು ನಿಂತೆ, ದೂರ ನೋಡಿದೆ. ಇಡೀ ಕೆರೆಯಲ್ಲಿ ಉಳಿದಿದ್ದದ್ದು ಒಂದೇ ಕೆಸರು ಹೊಂಡ, ಅದರಲ್ಲಿ ಒಂದು ಎಮ್ಮೆ. ನಾನು ನೇರ ಅಲ್ಲಿಗೇ ಹೋದೆ. ಎಮ್ಮೆ ಎದ್ದು ಜಾಗ ಬಿಟ್ಟುಕೊಟ್ಟಿತು.

ಸಾಮಾನು ಹೇರುವುದನ್ನೂ ಅವರೇ ಕಲಿಸಿದರು. ಹಳೇ ಕ್ಲಚ್ ಕೇಬಲ್ಲಿನ ಜೊತೆಗೇ ಹೊಸದೊಂದನ್ನು ಕಟ್ಟಿಟ್ಟರೆ ದಾರಿಯಲ್ಲಿ ಹುಡುಕುವ ಕೆಲಸವಿಲ್ಲ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು ಉಜ್ಜಿದರೆ ಸಾಕು. ನಾನು ತಂದದ್ದು ಮಲ್ಲಿಗೆ ವಾಸನೆಯ ಮೈಸೋಪು. “ಟ್ಯಾಂಕಿಗೆ ಮದ್ವೇನಾ?” ಅಂತ ಕೇಳಿದರು. ಮೊದಲು ಬೇಕಾಗುವುದು ಚೀಲದಲ್ಲಿ ಮೇಲಿರಲಿ ಅಂದರು. ನನಗೆ ಮೊದಲು ಬೇಕಾಗುವುದು ಚಕ್ಕುಲಿ. ಅದನ್ನು ಮೇಲಿಟ್ಟೆ. ಪ್ಲಗ್ಗು ಬಿಚ್ಚುವ ಸ್ಪ್ಯಾನರು ಕಂಬಳಿಯ ಕೆಳಗೆ, ತಳಕ್ಕೆ ಹೋಯಿತು.

ಹುಣಸೆ ತೋಪಿನ ದಿನ ಬಂತು. ನಮ್ಮ ಗಾಡಿಗಳಿಗೆ ಪೆಟ್ರೋಲಿಗೇ ಇಂಜಿನ್ ಆಯಿಲ್ ಬೆರೆಸಿ ಹಾಕಬೇಕಿತ್ತು. ಮುಂಜಾನೆಯ ಗಡಿಬಿಡಿಯಲ್ಲಿ ಆಯಿಲ್ ತುಂಬಿಟ್ಟಿದ್ದ ನನ್ನ ತಗಡಿನ ಡಬ್ಬದಿಂದ ಅಳೆದು ಸುರಿದೆ, ಕಲಕಿದೆ, ಹೊರಟೆ. ಮುಂದೆ ಭಾವ, ಆಮೇಲೆ ನಾನು, ನನ್ನ ಹಿಂದೆ ಅವರಿಬ್ಬರು.

ಊರು ದಾಟುವ ಮೊದಲೇ ಹಿಂದಿನಿಂದ ಟೈಲರ್ ಸಾಹೇಬರ ಕೂಗು ಕೇಳಿಸಿತು. “ಅರೆ ಭಾಯಿ, ಬೆಳ್‌ಬೆಳಿಗ್ಗೆ ಎಲ್ಲಿಂದ ಬರ್ತೈತೆ ಈ ನಾಷ್ಟಾ ವಾಸ್ನೆ? ಹೊಟ್ಟೆ ಖಾಲಿ ಐತೆ ನಂದು!”

ಮೇಷ್ಟ್ರು ಮೂಗೆತ್ತಿದರು. “ಇಲ್ಲೆಲ್ಲೋ ಯಾರೋ ಬೋಂಡ ಕರೀತಾವ್ರೆ ಕಣಯ್ಯಾ, ಎಕ್ಕಡಯ್ಯಾ?”

ನಾನೂ ಸುತ್ತ ನೋಡಿದೆ. ಹೋಟೆಲು ಎಲ್ಲೂ ಇರಲಿಲ್ಲ. ಬಾಗಿಲು ಸಾರಿಸುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಎರಡು ನಾಯಿಗಳು ಬೊಗಳದೆ, ಬಹಳ ಗೌರವದಿಂದ ನನ್ನ ಗಾಡಿಯ ಹಿಂದೆ ಬಂದವು.

ಏರಿನ ಅರ್ಧಕ್ಕೆ ಇಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೇಲೆ ಭಾವ ಆಗಲೇ ತಿರುಗಿ ನೋಡುತ್ತಿದ್ದಾರೆ. ಪ್ಲಗ್ಗು ಒರೆಸಬೇಕೆಂದರೆ ಗಾಡಿ ನಿಲ್ಲಿಸಬೇಕು, ಚಕ್ಕುಲಿ ಇಳಿಸಬೇಕು, ಕಂಬಳಿ ಬಿಚ್ಚಬೇಕು. ನಿಲ್ಲಿಸಿದರೆ ನಾನು ಮಧುಗಿರಿಯಲ್ಲೇ. ಚಕ್ರ ಉರುಳುತ್ತಿರುವಾಗಲೇ ಕೆಳಗೆ ಹಾರಿ, ಹ್ಯಾಂಡಲ್ ಹಿಡಿದು ತಳ್ಳತೊಡಗಿದೆ.

ಆ ಏರು ನೋಡಲು ಸಣ್ಣದು. ತಳ್ಳುವವನಿಗೆ ಅದು ಮಧುಗಿರಿ ಬೆಟ್ಟಕ್ಕಿಂತ ಎತ್ತರ. ಚಪ್ಪಲಿಯೊಂದು ಹಿಂದೆ ಉಳಿಯಿತು. ನಾಯಿಗಳು ಅದನ್ನು ಮೂಸಿ ಬಿಟ್ಟು ಗಾಡಿಯ ಹಿಂದೆಯೇ ಬಂದವು. ಟೈಲರ್ ಸಾಹೇಬರು ಕೈ ಕೊಡಲು ಗಾಡಿ ಇಳಿದರು. ಮೇಲಿನಿಂದ ಭಾವ, “ಮುಟ್ಬೇಡಿ ಸಾಹೇಬ್ರೆ!” ಅಂದರು.

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಭಾವ ಗಾಡಿಗೆ ಸ್ಟ್ಯಾಂಡ್ ಹಾಕಿ ಇಳಿದು ಬಂದು ನನ್ನ ಪಕ್ಕದಲ್ಲಿ ನಡೆಯತೊಡಗಿದರು. ಗಾಡಿಗೆ ಕೈ ಹಚ್ಚಲಿಲ್ಲ. ಕಾಡು ಹಾದಿಯಲ್ಲಿ ಗಬ್ಬದ ಹಸುವನ್ನು ನಡೆಸುವವರ ಹಾಗೆ ಮೆಲ್ಲಗೆ ಮಾತಾಡುತ್ತಾ ಬಂದರು.

“ಎಡಕ್ಕೆ ಕಲ್ಲೈತೆ, ಅದರ ಮೇಲೆ ಕಾಲಿಡು. ಹ್ಞೂಂ. ಸೊಂಟಕ್ಕೆ ಒರಗಿಸ್ಕ, ತೋಳಲ್ಲಿ ತಳ್ಳಬ್ಯಾಡ. ಉಸ್ರು ಬುಡು. ಅಷ್ಟೇಯ, ಬಂದ್ಬುಡ್ತು.”

ಬಂದೇ ಬಿಟ್ಟಿತು. ತೋಪಿನ ಮೊದಲ ಮರಕ್ಕೆ ಗಾಡಿ ಒರಗಿಸಿ ನಾನು ಅದರ ಪಕ್ಕದಲ್ಲೇ ಒರಗಿದೆ.

“ಸರಿ ಭಾವ, ನಾನ್ ಬರಲ್ಲ ಬುಡಿ. ನಿಂತೋಯ್ತಲ್ಲ,” ಅಂದೆ.

“ಎಲ್ಲಿ ನಿಂತ್ಕಂತು? ಇಂಜಿನ್ ಆಫ್ ಆಯ್ತು. ಗಾಡಿ ನಿಲ್ಲಿಲ್ವಲ್ಲ, ನಾನ್ ನೋಡ್ತಾನೇ ಇದ್ದೆ.” ಟ್ಯಾಂಕಿನ ಮುಚ್ಚಳ ತೆಗೆದು ಬೆರಳು ಅದ್ದಿ ಮೂಸಿದರು. ಇನ್ನೊಂದು ಸಲ ಮೂಸಿದರು. “ಲೇ ಬಾಮೈದ, ಕಡ್ಲೆಕಾಯಿ ಎಣ್ಣೆ ಹುಯ್ದಿದ್ದೀಯಲ್ಲೋ! ಉಪ್ಪು ಖಾರ ಹಾಕಿದ್ದೀಯೋ, ಅದೂ ಇಲ್ವೋ?”

ಮೇಷ್ಟ್ರು ನಕ್ಕು ನಕ್ಕು ನೆಲಕ್ಕೆ ಕೂತರು. ಭಾವ ಮಾತ್ರ ನಗುತ್ತಲೇ ತಮ್ಮ ಚೀಲದಲ್ಲಿ ಮೇಲೆಯೇ ಇದ್ದ ಸ್ಪ್ಯಾನರು ತೆಗೆದು ಪ್ಲಗ್ಗು ಬಿಚ್ಚಿ ಕೆರೆದರು, ಟ್ಯಾಂಕು ಖಾಲಿ ಮಾಡಿದರು, ತಮ್ಮ ಗಾಡಿಯ ಪೆಟ್ರೋಲನ್ನೇ ಸ್ವಲ್ಪ ಬಸಿದು ಹಾಕಿದರು. ಒಂದೇ ಒದೆತಕ್ಕೆ ಶುರುವಾಯಿತು. ನಾನು ಒದ್ದಿದ್ದರೆ ಸಂಜೆಯಾಗುತ್ತಿತ್ತು.

ಮನೆಗೆ ಬಂದು ಅವ್ವನನ್ನು ಕೇಳಿದೆ.

“ದಾರೀಲಿ ಒಗ್ಗರಣೆಗೆ ಬೇಕಾಯ್ತದೆ ಅಂತ ನಿನ್ ಡಬ್ಬ ಬೂದಿ ಹಾಕಿ ತಿಕ್ಕಿ, ಗಾಣದಿಂದ ಹೊಸ ಎಣ್ಣೆ ತುಂಬ್ಸಿದ್ದೆ ಕಣಪ್ಪ.”

“ಅದ್ರಲ್ಲಿದ್ದ ಎಣ್ಣೆ?”

“ಆ ಗಬ್ಬು ಎಣ್ಣೇನಾ? ಪಕ್ಕದ ಮನೆಯೋರ ಎತ್ತಿನ ಗಾಡಿ ಕೀಲಿಗೆ ಕೊಟ್ಟೆ. ಈಗ ಕಿರ್ರ್ ಅನ್ನಾದೇ ಇಲ್ವಂತೆ, ಪಾಪ ಖುಷಿಯಾಗವ್ರೆ.”

ಹೊರಡುವ ಬೆಳಿಗ್ಗೆ ಅವ್ವ ಎರಡು ಡಬ್ಬ ಕೊಟ್ಟಳು. ಒಗ್ಗರಣೆಯದಕ್ಕೆ ಅರಿಶಿನ ಹಚ್ಚಿದ್ದಳು. ಚೀಲದಲ್ಲಿ ಸ್ಪ್ಯಾನರು ಮೇಲೆ, ಚಕ್ಕುಲಿ ತಳಕ್ಕೆ. ಸೈಲೆನ್ಸರಿನಲ್ಲಿ ಹಳೇ ವಾಸನೆ ಇನ್ನೂ ಉಳಿದಿತ್ತು. ಭಾವ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನನ್ನನ್ನು ಕೊನೆಗೆ ಕಳಿಸಿದರು.

“ನೀನು ಹಿಂದ್ಲಿಂದ ಬಾ. ನಿನ್ ಹಿಂದೆ ಬಂದೋರಿಗೆ ಹೊಟ್ಟೆ ಹಸೀತದೆ.”

ಮುಂದಿನ ಮೂರು ಗಾಡಿಗಳ ಧೂಳೆಲ್ಲ ನನ್ನ ಬಾಯಿಗೆ ಬಂತು. ಹಿಂದಿನ ಸೀಟಿನಲ್ಲಿ ಕಂಬಳಿ, ಹ್ಯಾಂಡಲ್ ಮೇಲೆ ನನ್ನ ಎರಡು ಕೈ. ಶಿರಾ ರಸ್ತೆಯ ಟಾರನ್ನು ಅಡ್ಡ ದಾಟಿ ಆಚೆಯ ಬಂಡಿ ಜಾಡಿಗೆ ಇಳಿದ ಮೇಲೆ ಭಾವ ಎದ್ದು ನಿಂತು ಒಂದು ಸಲ ಹಿಂದಕ್ಕೆ ನೋಡಿದರು. ನಾನೂ ಎದ್ದು ನಿಂತೆ, ಕೈ ಎತ್ತಿದೆ, ಜಾಲಿ ಪೊದೆಗೆ ನುಗ್ಗಿ ಇನ್ನೊಂದು ಕಡೆಯಿಂದ ಹೊರಗೆ ಬಂದೆ.

ಗಾಡಿ ಮಾತ್ರ ನಿಲ್ಲಲಿಲ್ಲ.