ಬಿಡಿ ಅನ್ನದ ಲಿಗೋರಿ ಅಂಕಲ್

ಲಿಗೋರಿ ಅಂಕಲ್ ಬಾಲ್ ಪೆನ್ನು ಸೇದುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ರೀಫಿಲ್ ಕಿತ್ತು ಬಿಸಾಕಿದ ಖಾಲಿ ಪೆನ್ನನ್ನು ತುಟಿಗಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ಒಳಕ್ಕೆಳೆದು, ತುಸು ಹೊತ್ತು ತಡೆದು, ಏನೂ ಇಲ್ಲದ ಗಾಳಿಯನ್ನು ಮೇಲಕ್ಕೆ ಬಿಡುತ್ತಿದ್ದರು. ನಡುನಡುವೆ ಬೂದಿ ಕೊಡವುವ ಹಾಗೆ ಬೆರಳಿನಿಂದ ತಟ್ಟುವುದೂ ಇತ್ತು. ಮೊದಲ ಸಲ ನೋಡಿದಾಗ, ಪಾಪ, ಒಂಟಿ ಮನುಷ್ಯ, ಬಿಸಿಲಿಗೆ ಏನೋ ಆಗಿಬಿಟ್ಟಿದೆ ಅಂದುಕೊಂಡೆ.

ಆಗ ನಾವು ದೋಹಾದ ಮದೀನತ್ ಖಲೀಫಾದಲ್ಲಿ ಒಂದು ವಿಲ್ಲಾದಲ್ಲಿದ್ದೆವು. ವಿಲ್ಲಾ ಅಂದರೆ ಮೈಸೂರಿನಲ್ಲಿರುವ ನನ್ನ ಅಕ್ಕ ಈಜುಕೊಳ ಎಲ್ಲಿದೆ ಎಂದು ಕೇಳುತ್ತಿದ್ದಳು. ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ನಾಲ್ಕಾರು ಸಂಸಾರ ತುಂಬಿದ ವಠಾರ ಅದು. ಕಾಂಪೌಂಡಿನ ಮೂಲೆಯ ಒಂಟಿ ಕೋಣೆಯಲ್ಲಿ ಲಿಗೋರಿ ಅಂಕಲ್. ಮೂಡಬಿದಿರೆ ಕಡೆಯವರು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಒಬ್ಬಳೇ ಮಗಳು ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ್ದಳು. ಫುಟ್‌ಬಾಲ್ ವಿಶ್ವಕಪ್ಪಿಗೆಂದು ಊರಿಗೆ ಊರೇ ಅಗೆದು ಹಾಕಿದ್ದ ಕಾಲ. ಒಂದು ಕಾಂಟ್ರಾಕ್ಟ್ ಕಂಪನಿಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನಮ್ಮನೆಯವರು, ಪ್ರಕಾಶ್, ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಅಕೌಂಟೆಂಟ್. ನಾನು ಇಲ್ಲಿಯ ಒಂದು ಇಂಡಿಯನ್ ಶಾಲೆಯಲ್ಲಿ ಲೆಕ್ಕದ ಟೀಚರು. ಬಾಯಿ ಸ್ವಲ್ಪ ಜೋರು ಅಂತ ನಮ್ಮನೆಯವರ ದೂರು. ಇರಬಹುದು, ನಲವತ್ತು ಮಕ್ಕಳ ಮುಂದೆ ದಿನಾ ನಿಂತು ನೋಡಲಿ ಅವರು.

ಪೆನ್ನಿನ ಕತೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ, ಯಾಕೆಂದರೆ ಅವರು ಅದನ್ನು ಎಲ್ಲರಿಗೂ ಹೇಳುತ್ತಿದ್ದರು. ಹದಿಹರೆಯದಲ್ಲಿ ಹಿಡಿದ ಸಿಗರೇಟು. ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋದಾಗ, ಎಳೆ ಮಗುವಿರುವ ಮನೆಯಲ್ಲಿ ಇದು ನಡೆಯುವುದಿಲ್ಲ ಎಂದು ಅಳಿಯ ಅವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದನಂತೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತಿದ್ದವರಿಗೆ ಅಲ್ಲಿಯ ನರ್ಸಮ್ಮ, ಬಿಡಲು ಆಗದೇ ಇದ್ದರೆ ಇದಕ್ಕೆ ಬದಲಾಯಿಸಿಕೊಳ್ಳಿ ಎಂದು ವೇಪ್ ಬಗ್ಗೆ ಹೇಳಿದಳು. ಬ್ಯಾಟರಿಯ ಒಂದು ಕಡ್ಡಿ, ಒಳಗೆ ನಿಕೋಟಿನ್ನಿನ ರಸ. ಬೆಂಕಿಯಿಲ್ಲ, ಬೂದಿಯಿಲ್ಲ. ಅಲ್ಲಿದ್ದಷ್ಟು ದಿನ ಅವರು ಸಿಗರೇಟು ಮುಟ್ಟಲಿಲ್ಲ. ಮರಳಿ ಬಂದು ದೋಹಾದಲ್ಲಿ ಇಳಿದರೆ, ಬ್ಯಾಗು ಸ್ಕ್ಯಾನಿಗೆ ಹೋಗಿ ಬಂತು, ವೇಪ್ ಅವರ ಕೈಗೆ ಬರಲಿಲ್ಲ. ಈ ದೇಶದಲ್ಲಿ ಅದಕ್ಕೆ ನಿಷೇಧ. ಅವರಿಗೆ ಅದು ಗೊತ್ತೇ ಇರಲಿಲ್ಲವಂತೆ.

ಅಲ್ಲಿ ಔಷಧಿ ಥರ ಕೊಟ್ಟದ್ದನ್ನು ಇಲ್ಲಿ ಕಳ್ಳಮಾಲಿನ ಥರ ಹಿಡಿದರಲ್ಲ, ಸಿಟ್ಟು ಬರಲಿಲ್ಲವೇ ಎಂದು ಕೇಳಿದ್ದೆ. ಅವರಿಗೆ ಸಿಟ್ಟಲ್ಲ, ಕುತೂಹಲ ಬಂದಿತ್ತು. ಹೀಗೆ ಹಿಡಿದದ್ದನ್ನೆಲ್ಲ ಏನು ಮಾಡುತ್ತೀರಿ ಎಂದು ಆ ಅಧಿಕಾರಿಯನ್ನೇ ವಿಚಾರಿಸಿದರಂತೆ. ಆತ ನಕ್ಕು, ಖಲಾಸ್, ಯಲ್ಲಾ ಎಂದು ಬಾಗಿಲು ತೋರಿಸಿದ. ಹೊರಗೆ ಬಂದವರೇ ಸಿಗರೇಟು ಕೊಳ್ಳುವ ಬದಲು ಜೇಬಿನ ಪೆನ್ನಿನ ರೀಫಿಲ್ ಕಿತ್ತರು.

ಅವರ ನಿಜವಾದ ಚಾಳಿ ಪೆನ್ನಲ್ಲ, ಮಾತು. ಯಾರಾದರೂ ಸಿಗರೇಟು ಹಚ್ಚಿದ್ದು ಕಂಡರೆ ಸಾಕು, ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದರು. ಬಕಾಲ ಅನ್ನುವ ದಿನಸಿ ಅಂಗಡಿಯ ಮಲಯಾಳಿ, ನೇಪಾಳದ ವಾಚ್‌ಮನ್, ಎದುರು ವಿಲ್ಲಾದ ಈಜಿಪ್ಟಿನ ಎಂಜಿನಿಯರ್, ಯಾರನ್ನೂ ಬಿಡಲಿಲ್ಲ. ಉಪದೇಶ ಕೊಡುವವರ ಹಾಗೆ ಶುರು ಮಾಡುತ್ತಲೇ ಇರಲಿಲ್ಲ. ದಿನದ ಮೊದಲ ಸಿಗರೇಟು ಎಲ್ಲಿ ಸೇದುತ್ತೀರಿ, ನಿಂತೋ ಕೂತೋ, ಚಹಾದ ಮೊದಲೋ ಆಮೇಲೋ ಎಂದು ಕೇಳುತ್ತಿದ್ದರು. ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ಆದರೆ ಜನ ಖುಷಿಯಿಂದ ಹೇಳುತ್ತಿದ್ದರು. ಪೂರ್ತಿ ಕೇಳಿಸಿಕೊಂಡ ಮೇಲೆ ವೇಪಿನ ಸುದ್ದಿ ಬರುತ್ತಿತ್ತು. ತಮ್ಮ ತಾಯಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಗಂಜಿ ಬೇಯಿಸುತ್ತಿದ್ದದ್ದನ್ನು ಹೇಳಿ, ಕೆಡಿಸುವುದರಲ್ಲಿ ಸುಡುವ ಹೊಗೆಯದೇ ದೊಡ್ಡ ಪಾಲು ಅನ್ನುತ್ತಿದ್ದರು. ಹಾಗೆಂದು ವೇಪನ್ನು ಹೊಗಳಿ ಅಟ್ಟಕ್ಕೇರಿಸಿದವರೂ ಅಲ್ಲ.

“ಒಳ್ಳೇದು ಅಂತ ನಾನು ಹೇಳುದಿಲ್ಲ ಮಾರಾಯ್ರೆ. ಅದರಲ್ಲೂ ನಿಕೋಟಿನ್ ಉಂಟು, ಬೇರೆ ಎಂತೆಂತದೋ ಉಂಟು. ಸೇದದವ ಅದನ್ನು ಮುಟ್ಲೇಬಾರದು. ಸೇದುವವನಿಗೆ ಮಾತ್ರ ಇದಕ್ಕಿಂತ ಅದು ಕಡಿಮೆ ಕೆಟ್ಟದ್ದು, ಅಷ್ಟೆ.”

ಈಜಿಪ್ಟಿನವರು ಇದನ್ನೆಲ್ಲ ಗಂಭೀರವಾಗಿ ಕೇಳಿ, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಅಂಕಲ್ ಎರಡೂ ಕೈ ಅಗಲಿಸಿ, “ಇಲ್ಲಿ ಮಾಫಿ, ಸಿಗುದೇ ಇಲ್ಲ” ಅಂದರು. ಆ ಮನುಷ್ಯ ಬಾಯಿ ಬಿಟ್ಟುಕೊಂಡು ನಿಂತದ್ದು ನನ್ನ ಅಡುಗೆಮನೆ ಕಿಟಕಿಯಿಂದ ಕಂಡು ನಗು ತಡೆಯಲಾಗಲಿಲ್ಲ. ಸಂಜೆ ಸಿಕ್ಕಾಗ, ಅಂಗಡಿಯೇ ಇಲ್ಲದ ಮಾಲಿಗೆ ಇಷ್ಟು ಪ್ರಚಾರ ಯಾಕೆ ಅಂಕಲ್ ಎಂದು ರೇಗಿಸಿದೆ.

“ಗೊತ್ತುಂಟಾ ಟೀಚರೇ, ಬಿಡಿ ಅಂದ್ರೆ ಓಡ್ತಾರೆ. ಬದಲಾಯಿಸಿ ಅಂದ್ರೆ ನಿಂತು ಕೇಳ್ತಾರೆ. ನಿಂತವನ ಹತ್ರ ಮಾತ್ರ ಅಲ್ವಾ ಮಾತಾಡ್ಲಿಕ್ಕೆ ಆಗುದು?”

ನಮ್ಮ ಮನೆಯಲ್ಲೇ ಓಡುವವರೊಬ್ಬರಿದ್ದರು. ವಿಶ್ವಕಪ್ಪಿಗೆ ಒಂದು ವರ್ಷವಿರುವಾಗ ನಮ್ಮನೆಯವರಿಗೆ ಆಫೀಸಿನಲ್ಲೇ ಎದೆನೋವು ಬಂದು ಸ್ಟೆಂಟ್ ಹಾಕಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಸಿಗರೇಟು ನಿಲ್ಲದಿದ್ದರೆ ಮುಂದಿನ ಸಲ ಏನೂ ಭರವಸೆ ಕೊಡಲಾಗುವುದಿಲ್ಲ ಅಂದರು. ಮಗಳಿನ್ನೂ ನಾಲ್ಕನೇ ಕ್ಲಾಸು. ಈ ಮನುಷ್ಯ ಸ್ವಲ್ಪ ದಿನ ಸುಮ್ಮನಿದ್ದು, ಆಮೇಲೆ ಬೆಳಿಗ್ಗೆ ಕಸ ಹಾಕುವ ನೆಪದಲ್ಲಿ ಗೇಟಿನ ಹತ್ತಿರ ಹೋಗತೊಡಗಿದರು. ಕಸಕ್ಕೆ ಅಷ್ಟು ಹೊತ್ತು ಯಾಕೆ ಬೇಕು? ನಾನು ಅತ್ತೆ, ಕೂಗಾಡಿದೆ, ಮಾತು ಬಿಟ್ಟೆ. ಯಾವುದೂ ನಾಟಲಿಲ್ಲ. ಕೊನೆಗೆ ಮರ್ಯಾದೆ ಬದಿಗಿಟ್ಟು ಲಿಗೋರಿ ಅಂಕಲ್ ಕೋಣೆಯ ಬಾಗಿಲು ತಟ್ಟಿದೆ.

ಮರುದಿನ ಬೆಳಿಗ್ಗೆ ಅವರೂ ಕಸ ಹಿಡಿದುಕೊಂಡು ಗೇಟಿಗೆ ಹೋದರು. ದಿನದ ಮೊದಲ ಸಿಗರೇಟಿನದೇ ಪ್ರಶ್ನೆ: ಇದೊಂದನ್ನು ಯಾಕೆ ಬಿಡಲಾಗುವುದಿಲ್ಲ, ಇದರಲ್ಲಿ ಏನುಂಟು. ಕಿಟಕಿ ತೆರೆದಿತ್ತು, ನಾನು ಒಗ್ಗರಣೆ ಸೌಟು ಹಿಡಿದು ನಿಂತಿದ್ದೆ. ನಮ್ಮನೆಯವರು ಬೂದಿ ಕೊಡವಿ ಹೇಳಿದರು: “ಈ ಹೊತ್ತಲ್ಲಿ ಯಾರೂ ನನ್ನನ್ನ ಏನೂ ಕೇಳಲ್ಲ, ಲಿಗೋರಿಯವರೇ.”

ಆಫೀಸಿನಲ್ಲಿ ಬಾಸ್ ಕೇಳುತ್ತಾನೆ, ಊರಿನಿಂದ ಅವರ ತಮ್ಮ ಕೇಳುತ್ತಾನೆ, ಮನೆಯಲ್ಲಿ ಕೇಳುವವಳು ನಾನು. ಹಾಲು ತಂದ್ರಾ, ಫೀಸು ಕಟ್ಟಿದ್ರಾ, ಮಾತ್ರೆ ತಗೊಂಡ್ರಾ. ಸಿಟ್ಟು ಬಂತು, ಆದರೆ ಲೆಕ್ಕ ಹಾಕಿದರೆ ಅವರ ಮಾತು ಸುಳ್ಳಾಗಿರಲಿಲ್ಲ. ಅಂದಿನಿಂದ ಬೆಳಗಿನ ಹೊತ್ತು ಅವರನ್ನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ನನಗೆ ಅದು ಸಿಗರೇಟು ಬಿಟ್ಟಷ್ಟೇ ಕಷ್ಟವಾಯಿತು. ಅವರ ಸಿಗರೇಟು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ವೇಪ್ ಸಿಕ್ಕಿದ್ದರೆ ನಾನು ಈ ಕ್ಷಣವೇ ಬದಲಾಯಿಸಿಕೊಳ್ಳುತ್ತಿದ್ದೆ ಅನ್ನುವುದನ್ನು ಮಾತ್ರ ಚೆನ್ನಾಗಿ ಕಲಿತರು. ಸಿಗದ ವಸ್ತುವಿನ ಮೇಲೆ ಆಣೆ ಇಡುವುದು ಸುಲಭ ನೋಡಿ.

ಅದೂ ಸಿಕ್ಕಿಬಿಟ್ಟಿತು. ವಿಶ್ವಕಪ್ ಶುರುವಾದಾಗ ನಮ್ಮನೆಯವರ ಚಿಕ್ಕಪ್ಪನ ಮಗ ಸುಹಾಸ ಲಂಡನ್ನಿನಿಂದ ಮ್ಯಾಚು ನೋಡಲು ಬಂದು ನಮ್ಮಲ್ಲೇ ಉಳಿದ. ಊರಿಡೀ ಬಾವುಟ, ಮೆಟ್ರೋದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ಜನ, ನಮ್ಮ ವಠಾರದಲ್ಲೂ ಅರ್ಜೆಂಟೀನಾದವರು ಬ್ರೆಜಿಲಿನವರು ಎಂದು ಎರಡು ಪಂಗಡ. ಬಂದ ಎರಡನೇ ದಿನ ಸುಹಾಸ ಬಾಲ್ಕನಿಯಲ್ಲಿ ಜೇಬಿನಿಂದ ನೀಲಿ ಕಡ್ಡಿಯೊಂದನ್ನು ತೆಗೆದ. ಮಾವಿನಹಣ್ಣಿನ ವಾಸನೆ ಬಂತು. ಏರ್‌ಪೋರ್ಟಿನಲ್ಲಿ ಅದು ಹೇಗೋ ತಪ್ಪಿಸಿಕೊಂಡು ಬಂದಿತ್ತು. ಅಣ್ಣನ ಕಣ್ಣು ಅದರ ಮೇಲೇ ಇದ್ದದ್ದನ್ನು ನೋಡಿ, ನೀನೇ ಇಟ್ಕೋ ಅಣ್ಣ, ನಾನು ಅಲ್ಲಿ ಬೇರೆ ತಗೋತೀನಿ ಅಂದ. ನಿಜ ಹೇಳಬೇಕೆಂದರೆ ನನಗೂ ಇಟ್ಟುಕೊಳ್ಳಲಿ ಅನ್ನಿಸಿತು. ಗಂಡ ಬದುಕಿದರೆ ಸಾಕು ಅನ್ನುವವಳಿಗೆ ಕಾನೂನು ಎಲ್ಲಿ ಕಾಣುತ್ತದೆ? ಬಳಸುವುದು ಹೇಗೆಂದು ಹೇಳಿಕೊಡಲಿ ಎಂದು ನಾನೇ ಲಿಗೋರಿ ಅಂಕಲ್ಲನ್ನು ಕರೆಸಿದೆ.

ಅವರು ಬಂದು ಅದನ್ನು ಕೈಗೆ ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಮ್ಮೆ ಮೂಗಿನ ಹತ್ತಿರ ತಂದು ಮೂಸಿದರು, ಮಾವಿನ ವಾಸನೆಗಿರಬೇಕು ಅಂದುಕೊಂಡೆ. ಆಮೇಲೆ ಅದನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟು, ಸುಹಾಸನ ಕಡೆಗೆ ಸರಿಸಿದರು.

“ನಾನು ಹೇಳಿದ್ದು ಸುಳ್ಳಲ್ಲ ಪ್ರಕಾಶರೇ. ಆದ್ರೆ ಇದು ಸಿಗುವ ದೇಶದಲ್ಲಿ ಇದ್ದವರಿಗೆ ಅದು. ಇಲ್ಲಿ ಸಿಕ್ಕಿಬಿದ್ರೆ ಕೆಲಸ, ವೀಸಾ, ಮಗುವಿನ ಶಾಲೆ, ಎಲ್ಲ ಹೋಗ್ತದೆ. ಹೆದರಿಕೊಂಡು ಬಚ್ಚಲಲ್ಲಿ ಎಳೀಲಿಕ್ಕೆ ನಿಮ್ಮ ಹೃದಯ ತಡೆಯುದಿಲ್ಲ. ನಾಳೆ ನನ್ನೊಟ್ಟಿಗೆ ಬನ್ನಿ, ಆಸ್ಪತ್ರೆಗೆ ಹೋಗುವ.”

ನಮ್ಮನೆಯವರು ಮುಖ ಊದಿಸಿಕೊಂಡೇ ಹೋದರು. ಅಲ್ಲಿ ಸಿಗರೇಟು ಬಿಡಿಸುವುದಕ್ಕೇ ಡಾಕ್ಟರಿದ್ದಾರೆ, ತೋಳಿಗೆ ಹಚ್ಚಿಕೊಳ್ಳುವ ನಿಕೋಟಿನ್ ಪಟ್ಟಿ ಕೊಡುತ್ತಾರೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಮುಂದಿನ ವಾರಗಳನ್ನು ಶತ್ರುವಿಗೂ ಬೇಡ ಅನ್ನುತ್ತೇನೆ. ಉಪ್ಪು ಹೆಚ್ಚಾದರೆ ಜಗಳ, ಮಗಳು ಕೆಮ್ಮಿದರೆ ಜಗಳ. ಒಂದು ಸಂಜೆ ತಟ್ಟೆ ತಳ್ಳಿ ಎದ್ದುಹೋದರು. ಪ್ರತಿ ಸಂಜೆ ಲಿಗೋರಿ ಅಂಕಲ್ ಬಾಗಿಲಲ್ಲಿ ನಿಂತು, ಬನ್ನಿ ಪ್ರಕಾಶರೇ, ಒಂದು ರೌಂಡ್ ಹಾಕುವ ಎಂದು ಕರೆದುಕೊಂಡು ಹೋಗುತ್ತಿದ್ದರು. ಮನೆಮನೆಯಿಂದ ಗೋಲಿನ ಕೂಗು ಕೇಳುತ್ತಿದ್ದಾಗ ಇವರಿಬ್ಬರು ಬೀದಿ ಸುತ್ತುತ್ತಿದ್ದರು. ನಾನು ಬಿಟ್ಟಿದ್ದೇನಲ್ಲ, ನೋಡಿ, ಸತ್ತಿದ್ದೇನಾ ಎಂದು ಹೇಳಿ ಹೇಳಿ ನಗಿಸುತ್ತಿದ್ದರಂತೆ. ಫೈನಲ್ ಮುಗಿದು ಬಾವುಟಗಳನ್ನೆಲ್ಲ ಇಳಿಸುವ ಹೊತ್ತಿಗೆ ನಮ್ಮನೆಯವರು ಸಿಗರೇಟಿಲ್ಲದೆ ಕಸ ಹಾಕಿ ಬರತೊಡಗಿದ್ದರು.

ಆಟ ಮುಗಿಯಿತು, ಕೆಲಸಗಳೂ ಮುಗಿದವು. ಕಂಪನಿಗಳು ಜನರನ್ನು ಮನೆಗೆ ಕಳಿಸತೊಡಗಿದ್ದವು. ಫೆಬ್ರವರಿಯಲ್ಲಿ ಲಿಗೋರಿ ಅಂಕಲ್ ತಾವೂ ಹೊರಡುವುದಾಗಿ ಹೇಳಿದರು. ಹೊರಡುವ ದಿನ ಬೆಳಿಗ್ಗೆ ದಾರಿಗೆಂದು ಚಪಾತಿ, ಪಲ್ಯ ಕಟ್ಟಿಕೊಂಡು ಹೋದರೆ ಕೋಣೆ ತೆರೆದಿತ್ತು, ಅವರು ಒಳಗಿರಲಿಲ್ಲ. ಹಿಂದುಗಡೆ ನೀರಿನ ಟ್ಯಾಂಕಿನ ಮರೆಯಲ್ಲಿ ಇದ್ದರು. ಬೆರಳ ನಡುವೆ ಉರಿಯುವ ಸಿಗರೇಟಿತ್ತು.

ನಾನು ಬೈಯಬೇಕೆಂದು ಬಾಯಿ ತೆರೆದೆ. ಅವರು ಮಾತ್ರ ಸಿಗರೇಟನ್ನು ಬಚ್ಚಿಡಲೂ ಇಲ್ಲ, ಬಿಸಾಡಲೂ ಇಲ್ಲ. ಯಾವಾಗಿನಿಂದ ಎಂದು ಕೇಳಿದೆ. ಅಕ್ಟೋಬರಿನಲ್ಲಿ ಕೆಲಸದಿಂದ ತೆಗೆಯುವ ನೋಟೀಸು ಬಂದ ದಿನದಿಂದ ಅಂದರು. ಅಂದರೆ ಸುಹಾಸ ಬರುವುದಕ್ಕೂ ಮೊದಲು. ಆ ನೀಲಿ ಕಡ್ಡಿಯನ್ನು ಸರಿಸಿದ ದಿನ ಅದು ನಮ್ಮೆಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಅವರಿಗೇ. ಪ್ರತಿ ಸಂಜೆ ಬಾಯಿ ತೊಳೆದು, ಸೋಂಪು ಜಗಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಮಗಳ ಹತ್ತಿರ ಹೋಗಿಬಿಡಿ ಅಂಕಲ್, ಅಲ್ಲಾದರೂ ಬದಲಾಯಿಸಬಹುದು ಅಂದೆ. ಅಲ್ಲಿ ಇರಲು ಬಿಡುವುದಿಲ್ಲ ಟೀಚರೇ, ಬಂದು ಹೋಗುವ ವೀಸಾ ಮಾತ್ರ ಕೊಡುವುದು ಅಂದರು. ಊರಿನಲ್ಲೂ ವೇಪಿಗೆ ನಿಷೇಧ, ಸಿಗರೇಟು ಮಾತ್ರ ಗಲ್ಲಿಗಲ್ಲಿಗೂ ಉಂಟು ಎಂದು ನಕ್ಕರು.

“ಪ್ರಕಾಶರಿಗೆ ಹೇಳ್ಬೇಡಿ,” ಅಂದರು ಆಮೇಲೆ. “ಅವರು ನನ್ನನ್ನು ನಂಬಿ ಬಿಟ್ಟದ್ದು.”

ಬೈಯಲು ಹೋದವಳು ಅತ್ತುಬಿಟ್ಟೆ. ಬುತ್ತಿ ಅವರ ಕೈಗಿಟ್ಟು ಒಳಗೆ ಬಂದೆ. ಮಧ್ಯಾಹ್ನ ನಮ್ಮನೆಯವರು ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದರು. ಅವರನ್ನು ನಾನು ಮತ್ತೆ ನೋಡಿಲ್ಲ.

ಶುಕ್ರವಾರ ರಜೆ ಇದ್ದಾಗ ನಮ್ಮನೆಯವರು ಅವರಿಗೆ ಫೋನು ಹಚ್ಚುತ್ತಾರೆ. ಮೊನ್ನೆಯೂ ಹಚ್ಚಿ ಸ್ಪೀಕರಿನಲ್ಲಿಟ್ಟರು. ಊರು, ಚರ್ಚು, ಮಂಡಿನೋವು ಎಲ್ಲ ಆಯಿತು. ಆಫೀಸಿನಲ್ಲಿ ಹೊಸ ಹುಡುಗನೊಬ್ಬನಿಗೆ ತಾವು ಅಂಕಲ್ ಕತೆ ಹೇಳಿದ್ದನ್ನು ಹೆಮ್ಮೆಯಿಂದ ವರದಿ ಮಾಡಿ, ನಮ್ಮನೆಯವರು ಕೇಳಿಯೇಬಿಟ್ಟರು: “ನೀವೂ ಮುಟ್ಟಿಲ್ಲ ತಾನೆ, ಲಿಗೋರಿಯವರೇ?”

ಆ ಕಡೆಯಿಂದ ಕೆಮ್ಮು ಕೇಳಿಸಿತು. ಅವರು ಸುಳ್ಳು ಹೇಳಬೇಕಾಗಿ ಬರುವುದು ನನಗೆ ಬೇಡವಾಗಿತ್ತು. ಫೋನಿನ ಹತ್ತಿರ ಬಾಗಿ, “ಅಂಕಲ್, ಈಗ ಬಂಗುಡೆ ಮೀನು ಸಿಗ್ತಾ ಇದೆಯಾ ಅಲ್ಲಿ?” ಅಂದೆ.

“ಸಿಗ್ತದೆ ಟೀಚರೇ,” ಅಂದರು ಅವರು. ಈಗ ಹೇಗೆ ರಾಶಿ ರಾಶಿ ಬರುತ್ತಿದೆ, ತಾಜಾ ಎಂದು ಕಣ್ಣು ನೋಡಿ ಹೇಗೆ ಹೇಳಬಹುದು, ಪುಳಿಮುಂಚಿ ಸಾರಿಗೆ ಎಷ್ಟು ಹುಳಿ ಹಾಕಬೇಕು ಎಂದು ಒಂದೊಂದಾಗಿ ಹೇಳತೊಡಗಿದರು. ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ನಾನು ಹೂಂ, ಹೂಂ, ಆಮೇಲೆ ಎಂದು ಕೇಳುತ್ತ ನಿಂತೆ. ನಮ್ಮನೆಯವರು ನನ್ನ ಮುಖವನ್ನೇ ನೋಡುತ್ತಿದ್ದರು.